ಗುಡ್ಡದ ಎಚ್ಚರಿಕೆ: ಕಿವಿ ಚುರುಕಾದರಷ್ಟೇ ಸಾಲದು

2018ರ ಆಗಸ್ಟ್ ತಿಂಗಳ ನಡುಭಾಗದ ಆ ಕೆಲವು ದಿನಗಳ ನಂತರ ಕೊಡಗಿನಲ್ಲಿ ಮಳೆಯ ಅರ್ಥವೇ ಬದಲಾಗಿದೆ. ಅದಕ್ಕೆ ಮುಂಚೆ ಕಕ್ಕಡದ ಜಡಿಮಳೆ ಎಂದರೆ ಗದ್ದೆಯ ನಾಟಿ, ಒಲೆಯ ಮುಂದಿನ ಮಾತುಕತೆ, ಹೆಚ್ಚೆಂದರೆ ತುಂಬಿದ ಹೊಳೆಯಿಂದಾಗಿ ಎರಡು ದಿನ ನಿಂತ ಬಸ್ಸು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಮೊದಲಾದ ಊರುಗಳಲ್ಲಿ ತೋಟ, ಮನೆ, ರಸ್ತೆಗಳು ಗುಡ್ಡದೊಂದಿಗೇ ಜಾರಿಹೋದ ಬಳಿಕ ಅದೇ ಮಳೆ ನಿದ್ದೆಗೆಡಿಸುವ ಸದ್ದಾಯಿತು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯನ್ನು ಮುಚ್ಚಿಹಾಕಿತು, ಐವರು ಬಲಿಯಾದರು. 2024ರ ಜುಲೈ 30ರ ನಸುಕಿನಲ್ಲಿ ಕೊಡಗಿನ ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಪ್ರತಿ ದುರಂತದ ನಂತರವೂ ಒಂದು ಪ್ರಶ್ನೆ ಏಳುತ್ತದೆ: ಚಂದ್ರನ ಮೇಲೆ ನೌಕೆ ಇಳಿಸುವ ನಮಗೆ, ಜಾರಲಿರುವ ಗುಡ್ಡವನ್ನು ಮುಂಚಿತವಾಗಿ ಗುರುತಿಸುವ ಯಂತ್ರವೊಂದನ್ನು ನೆಡಲು ಏಕೆ ಸಾಧ್ಯವಿಲ್ಲ? ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ‘ಇನ್ನೂ ಸೂಕ್ಷ್ಮವಾದ ಸಂವೇದಕಗಳು ಬೇಕು, ಇನ್ನೂ ಹೆಚ್ಚು ಬೇಕು’ ಎಂಬುದು. ಈ ಉತ್ತರ ಅರ್ಧ ಸತ್ಯ ಮಾತ್ರ. ಸಂವೇದಕ ಎಂದರೆ ಸೆನ್ಸರ್, ಅದು ಎಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಬಲ್ಲದು ಎಂಬುದಕ್ಕಿಂತ, ಹಿಡಿದದ್ದರಲ್ಲಿ ಯಾವುದು ಗುಡ್ಡದ್ದು, ಯಾವುದು ಗದ್ದಲ ಎಂದು ಬೇರ್ಪಡಿಸಬಲ್ಲುದೇ ಎಂಬುದು ಮುಖ್ಯ. ಮೊದಲನೆಯ ಗುಣ ಇಂದು ಅಗ್ಗವಾಗಿ ದೊರೆಯುತ್ತದೆ. ಎರಡನೆಯದಕ್ಕೆ ಹಣ, ಕಾಲ, ಶ್ರದ್ಧೆ ಮೂರೂ ಬೇಕು. ಜನರ ಪ್ರಾಣ ನಿಂತಿರುವುದು ಎರಡನೆಯದರ ಮೇಲೆ.

ಗುಡ್ಡ ಏಕೆ ಜಾರುತ್ತದೆ ಎಂಬುದನ್ನು ಮೊದಲು ನೋಡೋಣ. ದಿನಗಟ್ಟಲೆ ಸುರಿದ ಮಳೆ ಮಣ್ಣಿನೊಳಗೆ ಇಳಿಯುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಏರುತ್ತದೆ. ಆ ಒತ್ತಡ ಕಣಗಳನ್ನು ಪರಸ್ಪರ ದೂರ ತಳ್ಳುವುದರಿಂದ ಅವುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಹಿಡಿತಕ್ಕಿಂತ ತೂಕ ಹೆಚ್ಚಾದ ಗಳಿಗೆಯಲ್ಲಿ ಇಳಿಜಾರು ಕುಸಿಯುತ್ತದೆ. ಮನೆಗಾಗಿಯೋ ರಸ್ತೆಗಾಗಿಯೋ ಬುಡ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯಲ್ಲಿ, ಅಂದರೆ ಕೊಡಗಿನವರು ‘ಬರೆ’ ಎನ್ನುವಲ್ಲಿ, ಈ ಗಳಿಗೆ ಬೇಗ ಬರುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಮುಖ್ಯವಾಗಿ ನಾಲ್ಕು: ಮಳೆ, ಮಣ್ಣಿನ ತೇವ, ಆಳದ ನೀರಿನ ಒತ್ತಡ ಮತ್ತು ಇಳಿಜಾರಿನ ಅತಿ ನಿಧಾನವಾದ ವಾಲಿಕೆ ಅಥವಾ ಕಂಪನ.

ಈ ಅಳತೆಗಳನ್ನು ಅಗ್ಗವಾಗಿಸಿದ್ದು ಅರೆವಾಹಕ ತಂತ್ರಜ್ಞಾನ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸಿ.ಎಸ್. ಸ್ಮಿತ್ ಎಂಬ ವಿಜ್ಞಾನಿ ಸಿಲಿಕಾನ್ ಮತ್ತು ಜರ್ಮೇನಿಯಂಗಳನ್ನು ಒತ್ತಿದಾಗ ಅಥವಾ ಎಳೆದಾಗ ಅವುಗಳ ವಿದ್ಯುತ್ ರೋಧ ಬಹಳವಾಗಿ ಬದಲಾಗುವುದನ್ನು ತೋರಿಸಿಕೊಟ್ಟರು. ಸಾಮಾನ್ಯ ಲೋಹದ ತಂತಿಯನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗಿಸಿದರೆ ಅದರ ರೋಧ ಸಾವಿರದಲ್ಲಿ ಸುಮಾರು ಎರಡು ಪಾಲು ಬದಲಾಗುತ್ತದೆ. ಸೂಕ್ತವಾಗಿ ಸಿದ್ಧಪಡಿಸಿದ ಸಿಲಿಕಾನಿನಲ್ಲಿ ಈ ಬದಲಾವಣೆ ನೂರು ಪಾಲಿನಷ್ಟಾಗಬಹುದು. ಸಿಲಿಕಾನಿನ ತೆಳುಪೊರೆಯೊಂದರ ಮೇಲೆ ನಾಲ್ಕು ಸಣ್ಣ ರೋಧಗಳನ್ನು ಮೂಡಿಸಿದರೆ ಒತ್ತಡಮಾಪಕ ಸಿದ್ಧ. ಅದೇ ಸಿಲಿಕಾನಿನಲ್ಲಿ ಕೂದಲಿಗಿಂತ ತೆಳುವಾದ ಜೋಕಾಲಿಯೊಂದನ್ನು ಕೆತ್ತಿದರೆ ವಾಲಿಕೆಯನ್ನು ಅಳೆಯುವ ಸಾಧನ ಸಿದ್ಧ. ನಮ್ಮ ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇಂಥ ಜೋಕಾಲಿಯಿಂದಲೇ.

ತೊಡಕು ಇರುವುದು ಇದರ ಮುಂದೆ. ಒಂದು ಮೀಟರ್ ಎತ್ತರದ ನೀರು ಸುಮಾರು ಹತ್ತು ಕಿಲೋಪಾಸ್ಕಲ್ ಒತ್ತಡ ಹಾಕುತ್ತದೆ. ನೂರು ಕಿಲೋಪಾಸ್ಕಲ್ ಒತ್ತಡಕ್ಕೆ ನೂರು ಮಿಲಿವೋಲ್ಟ್ ಕೊಡುವ ಮಾಪಕವೊಂದನ್ನು ತೆಗೆದುಕೊಂಡರೆ, ಕೊಳವೆಯಲ್ಲಿ ನೀರು ಒಂದು ಸೆಂಟಿಮೀಟರ್ ಏರಿದಾಗ ನಮಗೆ ದಕ್ಕುವುದು ಒಂದು ಮಿಲಿವೋಲ್ಟಿನ ಹತ್ತನೇ ಒಂದು ಭಾಗ. ಇಷ್ಟು ಕ್ಷೀಣವಾದ ಸಿಗ್ನಲನ್ನು ಗುಡ್ಡದ ನೆತ್ತಿಯಿಂದ ಮಡಿಕೇರಿಯ ಕಚೇರಿಯವರೆಗೆ ಕೆಡದಂತೆ ತಲುಪಿಸಬೇಕು.

ಮೊದಲ ಗದ್ದಲ ಸಂವೇದಕದ ಒಳಗೇ ಇದೆ. ಯಾವುದೇ ವಾಹಕದಲ್ಲಿ ಉಷ್ಣದಿಂದಾಗಿ ಎಲೆಕ್ಟ್ರಾನುಗಳು ಸದಾ ತುಯ್ದಾಡುತ್ತಿರುತ್ತವೆ. ಇದರಿಂದ ಹುಟ್ಟುವ ವೋಲ್ಟೇಜನ್ನು 1920ರ ದಶಕದಲ್ಲಿ ಜಾನ್ಸನ್ ಅಳೆದರು, ನೈಕ್ವಿಸ್ಟ್ 1928ರಲ್ಲಿ ಅದರ ಸೂತ್ರವನ್ನು ಕೊಟ್ಟರು. ಇದನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲಾಗದು. ಅರೆವಾಹಕಗಳಲ್ಲಿ ಇದಲ್ಲದೆ ಇನ್ನೊಂದು ಬಗೆಯ ಗದ್ದಲವಿದೆ. ಸಿಗ್ನಲ್ ನಿಧಾನವಾದಷ್ಟೂ ಅದು ಬಲವಾಗುತ್ತದೆ. ದುರದೃಷ್ಟವೆಂದರೆ ಗುಡ್ಡದ ಚಲನೆ ನಿಧಾನಗತಿಯದು. ತಾಪಮಾನ ಬದಲಾದಂತೆ ಸಿಲಿಕಾನಿನ ಗುಣವೂ ಬದಲಾಗುವುದರಿಂದ, ಬೆಳಗಿನ ಮಂಜಿನಲ್ಲಿ ಒಂದು ಅಳತೆ, ಮಧ್ಯಾಹ್ನ ಬಿಸಿಲು ಇಣುಕಿದಾಗ ಇನ್ನೊಂದು ಅಳತೆ ತೋರಿಸುವುದೂ ಉಂಟು.

ಹೊರಗಿನ ಗದ್ದಲಗಳಂತೂ ಕೊಡಗಿನದೇ ವಿಶೇಷ. ಆನೆಗಳನ್ನು ತಡೆಯಲು ತೋಟದ ಸುತ್ತ ಎಳೆದಿರುವ ಸೌರ ಬೇಲಿಯಲ್ಲಿ ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟ್‌ಗಳ ಮಿಡಿತ ಹಾಯುತ್ತದೆ. ಅದರ ಪಕ್ಕದಲ್ಲಿ ಹಾದುಹೋಗುವ ಉದ್ದನೆಯ ತಂತಿ ಒಂದು ಏರಿಯಲ್‌ನಂತೆ ವರ್ತಿಸುತ್ತದೆ. ಪಂಪ್‌ಸೆಟ್ಟು ಚಾಲೂ ಆದಾಗ, ಕಾಫಿ ಪಲ್ಪಿಂಗ್ ಯಂತ್ರ ಓಡುವಾಗ ವಿದ್ಯುತ್ ಮಾರ್ಗದ ಗುಂಯ್‌ಗುಡುವಿಕೆ ಅದರೊಳಗೆ ಸೇರಿಕೊಳ್ಳುತ್ತದೆ. ಸಿಡಿಲಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಹೊರಗಾಳಿಯ ಒತ್ತಡ ಒಂದು ಕಿಲೋಪಾಸ್ಕಲ್ ಇಳಿದರೆ ಸರಿದೂಗಿಸದ ಮಾಪಕ ಅದನ್ನು ಹತ್ತು ಸೆಂಟಿಮೀಟರ್ ನೀರಿನ ಇಳಿಕೆಯೆಂದೇ ಓದುತ್ತದೆ. ಅಂದರೆ ಮಳೆಯ ಮೋಡ ಕವಿದು ಗಾಳಿಯ ಒತ್ತಡ ಕುಸಿಯುವ ಹೊತ್ತಿನಲ್ಲಿಯೇ ಈ ತಪ್ಪೂ ನುಸುಳುತ್ತದೆ. ಸರಿದೂಗಿಸಲೆಂದು ಇಡುವ ಗಾಳಿಯ ಸಣ್ಣ ಕೊಳವೆಯೊಳಗೆ ಕೊಡಗಿನ ತೇವ ಹೊಕ್ಕು ಅದನ್ನೇ ಮುಚ್ಚಿಬಿಡಬಹುದು. ಕಂಪನವನ್ನು ಅಳೆಯಲು ಹೊರಟರೆ ಗಾಳಿಗೆ ಓಲಾಡುವ ಸಿಲ್ವರ್ ಓಕ್ ಮರದ ಬೇರು, ಘಾಟಿ ಏರುವ ಲಾರಿ, ರಾತ್ರಿ ತೋಟಕ್ಕಿಳಿದ ಆನೆಯ ಹೆಜ್ಜೆ ಎಲ್ಲವೂ ದಾಖಲಾಗುತ್ತವೆ. 2022ರ ಜೂನ್ ಕೊನೆಯಲ್ಲಿ ಕರಿಕೆ, ಚೆಂಬು, ಸಂಪಾಜೆಗಳ ಕಡೆ ಜನರನ್ನು ಬೆಚ್ಚಿಬೀಳಿಸಿದ ಲಘು ಭೂಕಂಪನಗಳಂಥವೂ ಇದೇ ದಾಖಲೆಗೆ ಬಂದು ಸೇರುತ್ತವೆ. ಆನೆಯ ಬರವನ್ನು ತಿಳಿಯಬಯಸುವ ಅರಣ್ಯ ಇಲಾಖೆಗೆ ಹೆಜ್ಜೆಯ ಕಂಪನವೇ ಸಿಗ್ನಲ್, ಗುಡ್ಡವನ್ನು ಕಾಯುವವನಿಗೆ ಅದು ಗದ್ದಲ. ಯಾವುದು ಗದ್ದಲ ಎಂಬುದು ನಾವು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ.

ಹಾಗಾದರೆ ಪರಿಹಾರವಿಲ್ಲವೇ? ಇದೆ, ಅದೂ ಪುಸ್ತಕದಲ್ಲಷ್ಟೇ ಇರುವಂಥದಲ್ಲ. ನಾಲ್ಕು ರೋಧಗಳನ್ನು, ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಿತವಾದ ವೀಟ್‌ಸ್ಟನ್ ಬ್ರಿಜ್‌ನ ಮಾದರಿಯಲ್ಲಿ ಜೋಡಿಸಿದರೆ, ಒತ್ತಡ ಬಂದಾಗ ಎರಡು ಏರುತ್ತವೆ, ಎರಡು ಇಳಿಯುತ್ತವೆ. ಬಿಸಿಲು ಬಂದಾಗ ನಾಲ್ಕೂ ಒಟ್ಟಿಗೆ ಬದಲಾಗುವುದರಿಂದ ಅದರ ಪರಿಣಾಮ ಬಹುಮಟ್ಟಿಗೆ ವಜಾ ಆಗುತ್ತದೆ. ಸಿಗ್ನಲನ್ನು ಒಂದೇ ತಂತಿಯಲ್ಲಿ ಕಳಿಸದೆ ಒಟ್ಟಿಗೆ ಹೊಸೆದ ಎರಡು ತಂತಿಗಳಲ್ಲಿ ಕಳಿಸಿ ಅವುಗಳ ವ್ಯತ್ಯಾಸವನ್ನಷ್ಟೇ ಓದಿದರೆ, ಬೇಲಿಯ ಮಿಡಿತ ಎರಡರಲ್ಲೂ ಸಮನಾಗಿ ಬಂದು ಬಹುಪಾಲು ಅಳಿದುಹೋಗುತ್ತದೆ. ಇನ್ನೂ ಒಳ್ಳೆಯದೆಂದರೆ ಸಂವೇದಕದ ಪಕ್ಕದಲ್ಲಿಯೇ ಅಳತೆಯನ್ನು ಅಂಕಿಯಾಗಿ ಪರಿವರ್ತಿಸಿ, ಆ ಅಂಕಿಯನ್ನು ರವಾನಿಸುವುದು. ನಿಧಾನ ಗದ್ದಲದಿಂದ ತಪ್ಪಿಸಿಕೊಳ್ಳಲು ಸಿಗ್ನಲನ್ನು ವೇಗವಾಗಿ ಕತ್ತರಿಸಿ ಗದ್ದಲ ಕಡಿಮೆಯಿರುವ ಎತ್ತರದ ಆವರ್ತನಕ್ಕೆ ಒಯ್ದು, ಅಲ್ಲಿ ಹಿಗ್ಗಿಸಿ, ಮರಳಿ ತರುವ ವಿಧಾನವಿದೆ. ಬೇಕಾದ ಆವರ್ತನಗಳಿಗಷ್ಟೇ ಬಾಗಿಲು ತೆರೆದು ಉಳಿದವಕ್ಕೆ ಮುಚ್ಚುವ ಶೋಧಕಗಳಿವೆ.

ಎಲ್ಲಕ್ಕಿಂತ ಸರಳವಾದದ್ದು ಸರಾಸರಿ. ಅರ್ಥಶಾಸ್ತ್ರದ ವಿದ್ಯಾರ್ಥಿ ಮಾದರಿ ಸಮೀಕ್ಷೆಯಲ್ಲಿ ಕಲಿಯುವ ಸೂತ್ರವೇ ಇಲ್ಲಿಯೂ ಅನ್ವಯ. ನೂರು ಬಾರಿ ಅಳೆದು ಸರಾಸರಿ ತೆಗೆದರೆ ಯಾದೃಚ್ಛಿಕ ಗದ್ದಲ ನೂರನೇ ಒಂದು ಭಾಗಕ್ಕಲ್ಲ, ಅದರ ವರ್ಗಮೂಲವಾದ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಇದಕ್ಕೂ ಬೆಲೆಯಿದೆ. ಒಂದು ಗಂಟೆಯ ಅಳತೆಗಳ ಸರಾಸರಿಯನ್ನು ನೆಚ್ಚಿದವನಿಗೆ ಸುದ್ದಿಯೂ ತಡವಾಗಿಯೇ ಬರುತ್ತದೆ, ಕುಸಿತದ ಕೊನೆಯ ಹಂತದಲ್ಲಿ ಆ ತಡ ಸಹಿಸುವಂಥದ್ದಲ್ಲ. ಜೊತೆಗೆ ಸರಾಸರಿಯಿಂದ ವಾಸಿಯಾಗುವುದು ಅತ್ತಿತ್ತ ಓಲಾಡುವ ತಪ್ಪು ಮಾತ್ರ. ವರ್ಷದಿಂದ ವರ್ಷಕ್ಕೆ ಒಂದೇ ಕಡೆಗೆ ವಾಲುತ್ತಾ ಹೋಗುವ ಮಾಪಕವನ್ನು ಸಾವಿರ ಬಾರಿ ಓದಿದರೂ ಸಾವಿರ ಬಾರಿ ಅದೇ ತಪ್ಪನ್ನು ಹೇಳುತ್ತದೆ. ಅದಕ್ಕೆ ಮದ್ದು ಕಾಲಕಾಲಕ್ಕೆ ಮನುಷ್ಯನೇ ಹೋಗಿ ನಡೆಸುವ ಪರಿಶೀಲನೆ.

ಇಷ್ಟೆಲ್ಲ ಏಕೆ ಬೇಕು ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ವಿವರಿಸಬಹುದು. ಒಂದು ಜಿಲ್ಲೆಯಲ್ಲಿ ನೂರು ಇಳಿಜಾರುಗಳಿಗೆ ಸಂವೇದಕ ನೆಟ್ಟಿದ್ದೇವೆ ಎನ್ನೋಣ. ಮಳೆಗಾಲದ 120 ದಿನಗಳಿಗೆ ಒಟ್ಟು 12,000 ತಪಾಸಣೆಗಳಾದವು. ಆ ಅವಧಿಯಲ್ಲಿ ನಿಜವಾಗಿ ಎರಡು ಕಡೆ ಕುಸಿತವಾಯಿತು ಎಂದಿಟ್ಟುಕೊಳ್ಳಿ. ಸಂವೇದಕ ನೂರು ಕುಸಿತಗಳಲ್ಲಿ 95ನ್ನು ಹಿಡಿಯುತ್ತದೆ, ಕುಸಿತವಿಲ್ಲದ ನೂರು ದಿನಗಳಲ್ಲಿ ಒಂದು ದಿನ ಮಾತ್ರ ಸುಳ್ಳು ಗಂಟೆ ಬಾರಿಸುತ್ತದೆ. ಕೇಳಲು ಅತ್ಯುತ್ತಮ ಯಂತ್ರವೇ. ಆದರೆ ಫಲಿತಾಂಶ? ಎರಡು ನಿಜವಾದ ಎಚ್ಚರಿಕೆಗಳ ಜೊತೆಗೆ ಸುಮಾರು 120 ಸುಳ್ಳು ಎಚ್ಚರಿಕೆಗಳು! ಈಗ ಸಂವೇದನೆಯನ್ನು 95ರಿಂದ 99ಕ್ಕೆ ಏರಿಸೋಣ, ಆದರೆ ಅದಕ್ಕಾಗಿ ಎಚ್ಚರಿಕೆಯ ಮಿತಿಯನ್ನು ತಗ್ಗಿಸಿದ್ದರಿಂದ ಸುಳ್ಳಿನ ಪ್ರಮಾಣ ಶೇ 3ಕ್ಕೆ ಏರಿತು ಎನ್ನೋಣ. ಸುಳ್ಳು ಎಚ್ಚರಿಕೆಗಳು 360 ಆದವು. ಅದರ ಬದಲು ಸಂವೇದನೆಯನ್ನು ಇದ್ದಲ್ಲಿಯೇ ಬಿಟ್ಟು ಗದ್ದಲವನ್ನು ನಿಗ್ರಹಿಸಿ ಸುಳ್ಳಿನ ಪ್ರಮಾಣವನ್ನು ಸಾವಿರಕ್ಕೊಂದಕ್ಕೆ ಇಳಿಸಿದರೆ ಅವು 12ಕ್ಕೆ ಇಳಿಯುತ್ತವೆ. ಅಪರೂಪದ ಘಟನೆಯನ್ನು ಕಾಯುವವನಿಗೆ ಹೆಚ್ಚು ಲಾಭ ಬರುವುದು ಯಾವುದರಿಂದ ಎಂಬುದು ಇದರಿಂದ ಸ್ಪಷ್ಟ.

ಇನ್ನೊಂದು ದಾರಿ ಎರಡು ಬೇರೆ ಬೇರೆ ಬಗೆಯ ಸಾಕ್ಷಿಗಳನ್ನು ಕೇಳುವುದು. ನೀರಿನ ಒತ್ತಡವೂ ಏರಿರಬೇಕು, ಇಳಿಜಾರೂ ವಾಲಿರಬೇಕು, ಆಗ ಮಾತ್ರ ಗಂಟೆ. ಎರಡೂ ಶೇ 1ರಷ್ಟು ಸುಳ್ಳು ಹೇಳುವವಾದರೆ ಎರಡೂ ಒಂದೇ ದಿನ ಸುಳ್ಳು ಹೇಳುವ ಸಂಭವ ಹತ್ತು ಸಾವಿರಕ್ಕೊಂದು; ಮೇಲಿನ ಲೆಕ್ಕದಲ್ಲಿ ಇಡೀ ಮಳೆಗಾಲಕ್ಕೆ ಒಂದೋ ಎರಡೋ. ಅದಕ್ಕೆ ತೆರುವ ಬೆಲೆ, ನಿಜವಾದ ಕುಸಿತವನ್ನು ಹಿಡಿಯುವ ಪ್ರಮಾಣ 95ರಿಂದ ಸುಮಾರು 90ಕ್ಕೆ ಇಳಿಯುವುದು. ಆದರೆ ಈ ಲೆಕ್ಕ ನಿಂತಿರುವುದು ಇಬ್ಬರು ಸಾಕ್ಷಿಗಳೂ ಸ್ವತಂತ್ರರು ಎಂಬ ನಂಬಿಕೆಯ ಮೇಲೆ. ಒಂದೇ ಬ್ಯಾಟರಿ, ಒಂದೇ ಪೆಟ್ಟಿಗೆ, ಒಂದೇ ಸಿಡಿಲು ಎರಡನ್ನೂ ಕೆಡಿಸುವಂತಿದ್ದರೆ ಸಾಕ್ಷಿಗಳು ಇಬ್ಬರಲ್ಲ, ಒಬ್ಬನೇ. ಈ ಮಾತನ್ನು ಯೋಜನೆ ರೂಪಿಸುವವರು ಸುಲಭವಾಗಿ ಮರೆಯುತ್ತಾರೆ.

ಸುಳ್ಳು ಎಚ್ಚರಿಕೆಯಿಂದ ಏನು ಮಹಾ ನಷ್ಟ, ಪ್ರಾಣ ಉಳಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಒಂದು ಸಲಕ್ಕೆ ಈ ವಾದ ಸರಿ. ಆದರೆ ನಡುರಾತ್ರಿ, ಬಿಡದ ಮಳೆಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯನ್ನು ಹೊತ್ತು, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿ, ಶಾಲೆಯ ಕೊಠಡಿಯಲ್ಲಿ ಬೆಳಗು ಮಾಡಿದ ಕುಟುಂಬ, ಮನೆ ಹಾಗೆಯೇ ನಿಂತಿರುವುದನ್ನು ಮೂರು ಸಲ ಕಂಡರೆ ನಾಲ್ಕನೆಯ ಸಲ ಏಳುವುದಿಲ್ಲ. ಕೂಲಿ ಲೈನಿನಲ್ಲಿ ವಾಸಿಸುವ ಕಾರ್ಮಿಕನಿಗೆ ಒಂದು ದಿನದ ಸಂಬಳ ಹೋಗುವುದೂ ಸಣ್ಣ ಮಾತಲ್ಲ. ಸುಳ್ಳು ಗಂಟೆಯಿಂದ ಕಳೆದುಹೋಗುವುದು ಆ ರಾತ್ರಿಯ ನಿದ್ದೆಯಲ್ಲ, ಮುಂದಿನ ನಿಜವಾದ ಗಂಟೆಯ ಮೇಲಿನ ವಿಶ್ವಾಸ. ಆ ವಿಶ್ವಾಸವೂ ಒಂದು ಸಾರ್ವಜನಿಕ ಆಸ್ತಿ. ಯಾವ ಇಲಾಖೆಯ ಲೆಕ್ಕಪತ್ರದಲ್ಲೂ ಅದು ಕಾಣಿಸದಿರುವುದರಿಂದ ಅದನ್ನು ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ.

ದೇಶದಲ್ಲಿ ಇದಕ್ಕೆ ಅನುಭವದ ಕೊರತೆಯಿಲ್ಲ. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು 2000ದ ದಶಕದ ಕೊನೆಯಿಂದಲೇ ಇಳಿಜಾರಿನೊಳಗೆ ಒತ್ತಡ, ತೇವ, ವಾಲಿಕೆ, ಕಂಪನಗಳ ಸಂವೇದಕಗಳನ್ನು ಹೂತು ನಿಸ್ತಂತು ಜಾಲವೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಹಿಮಾಚಲದ ಕೋಟ್ರೋಪಿಯಲ್ಲಿ 2017ರ ಆಗಸ್ಟ್‌ನಲ್ಲಿ ಬಸ್ಸುಗಳು ಮಣ್ಣಿನಡಿ ಸಿಕ್ಕಿ ನಲವತ್ತಕ್ಕೂ ಹೆಚ್ಚು ಜನ ಸತ್ತ ನಂತರ ಐಐಟಿ ಮಂಡಿಯವರು ಸಿಲಿಕಾನ್ ಜೋಕಾಲಿಯ ಅಗ್ಗದ ಸಾಧನಗಳನ್ನು ಅಲ್ಲಿ ಅಳವಡಿಸಿದರು. ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಆರಂಭವಾದದ್ದು 2024ರ ಜುಲೈನಲ್ಲಿ, ವಯನಾಡಿನ ದುರಂತ ನಡೆದ ಅದೇ ತಿಂಗಳಿನಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಸಂವೇದಕಗಳನ್ನು ವಿನ್ಯಾಸಗೊಳಿಸಿ ತಯಾರಿಸುವ ಸೌಲಭ್ಯವಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮದಲ್ಲಿ ಸಂವೇದಕಗಳ ತಯಾರಿಕೆಗೂ ನೆರವಿದೆ. ಮೊಬೈಲಿನ ಮಿದುಳಾಗುವ ಅತ್ಯಾಧುನಿಕ ಚಿಪ್ಪಿಗೆ ಬೇಕಾದಷ್ಟು ದುಬಾರಿ ಕಾರ್ಖಾನೆ ಈ ಸಂವೇದಕಗಳಿಗೆ ಬೇಕಾಗಿಲ್ಲ ಎಂಬುದನ್ನೂ ಗಮನಿಸಬೇಕು.

ಕರ್ನಾಟಕಕ್ಕೂ ತನ್ನದೇ ಆದ ಪರಂಪರೆಯಿದೆ. 1988ರಲ್ಲಿ ಬರ ನಿರ್ವಹಣೆಗೆಂದು ಹುಟ್ಟಿದ ಘಟಕವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಅದು ನೆಟ್ಟ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳ ಜಾಲ ದೇಶಕ್ಕೇ ಮಾದರಿಯಾಯಿತು. ಆದರೆ ಮಳೆಮಾಪಕದಂಥ ಸರಳ ಯಂತ್ರಕ್ಕೂ ಆರೈಕೆ ಬೇಕು. ಅದರೊಳಗಿನ ಪುಟ್ಟ ತೊಟ್ಟಿ ತುಂಬಿ ಮಗುಚಿದಾಗಲೊಮ್ಮೆ ಒಂದು ಎಣಿಕೆ. ಧಾರಾಕಾರ ಮಳೆಯಲ್ಲಿ ತೊಟ್ಟಿ ಮಗುಚುವಷ್ಟರಲ್ಲಿಯೇ ಒಂದಿಷ್ಟು ನೀರು ಎಣಿಕೆಗೆ ಸಿಗದೆ ಹೋಗುತ್ತದೆ. ಬಾಯಿಗೆ ತರಗೆಲೆ ಬಿದ್ದರೆ ಎಣಿಕೆಯೇ ನಿಲ್ಲುತ್ತದೆ. ವಾರಗಟ್ಟಲೆ ಸೂರ್ಯನ ಮುಖ ಕಾಣದ ಕಕ್ಕಡದಲ್ಲಿ ಸೌರಫಲಕವನ್ನು ನಂಬಿದ ಬ್ಯಾಟರಿ, ಯಾವಾಗ ಬೇಕೋ ಆಗಲೇ ಕೈಕೊಡಬಹುದು. 2018ರಲ್ಲಿ ವಿದ್ಯುತ್ತೂ ದೂರವಾಣಿಯೂ ಕಡಿದುಹೋಗಿ ಊರಿಗೆ ಊರೇ ದಿಕ್ಕೆಟ್ಟು ಕುಳಿತದ್ದನ್ನು ಕೊಡಗು ಮರೆತಿಲ್ಲ.

ಸರ್ಕಾರದ ಖರೀದಿ ಪದ್ಧತಿಯನ್ನು ಒಳಗಿನಿಂದ ಬಲ್ಲವನಾಗಿ ಕೆಲವು ಮಾತು ಹೇಳಬಯಸುತ್ತೇನೆ. ಉಪಕರಣದ ಬೆಲೆ ಬಂಡವಾಳ ಲೆಕ್ಕದಲ್ಲಿ ಬರುತ್ತದೆ, ಅದಕ್ಕೆ ಉದ್ಘಾಟನೆಯೂ ಇರುತ್ತದೆ. ಅದರ ನಿರ್ವಹಣೆ ರಾಜಸ್ವ ಲೆಕ್ಕದಲ್ಲಿ ಬರುತ್ತದೆ, ಮಿತವ್ಯಯದ ಸುತ್ತೋಲೆ ಹೊರಟಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೆ. ಟೆಂಡರಿನಲ್ಲಿ ‘ಎಷ್ಟು ಸಂವೇದಕಗಳು, ಎಷ್ಟು ಸೂಕ್ಷ್ಮ’ ಎಂದು ಕೇಳುತ್ತೇವೆ. ‘ಒಂದು ಪೂರ್ಣ ಮಳೆಗಾಲದಲ್ಲಿ ಎಷ್ಟು ಸಲ ಸುಳ್ಳು ಹೇಳಿತು, ಎಷ್ಟು ದಿನ ಮೂಕವಾಗಿತ್ತು’ ಎಂದು ಕೇಳುವುದಿಲ್ಲ. ಇದು ಬದಲಾಗಬೇಕು. ಕೊಡಗಿನ ಇಳಿಜಾರಿನಲ್ಲಿಯೇ, ಅಲ್ಲಿನ ಕೆಂಪು ಮಣ್ಣಿನಲ್ಲಿಯೇ ಒಂದು ಮಳೆಗಾಲ ಪರೀಕ್ಷಿಸದೆ ಯಾವ ಯಂತ್ರವನ್ನೂ ನೂರರ ಸಂಖ್ಯೆಯಲ್ಲಿ ಕೊಳ್ಳಬಾರದು. ಹತ್ತು ವರ್ಷಗಳ ನಿರ್ವಹಣೆಯ ಹಣವನ್ನು ಉಪಕರಣದ ಬೆಲೆಯೊಂದಿಗೇ ಮೀಸಲಿಡಬೇಕು. ಹಣ ಸೀಮಿತವಾಗಿದ್ದರೆ ಇನ್ನೂರು ಕಡೆ ಒಂದೊಂದು ಸಂವೇದಕ ನೆಡುವ ಬದಲು, ಜನವಸತಿಯ ಮೇಲಿರುವ ಇಪ್ಪತ್ತು ಅಪಾಯಕಾರಿ ಇಳಿಜಾರುಗಳಲ್ಲಿ ಪರಸ್ಪರ ಸ್ವತಂತ್ರವಾದ ಎರಡು ಮೂರು ಬಗೆಯ ಸಂವೇದಕಗಳನ್ನು ನೆಟ್ಟು ಚೆನ್ನಾಗಿ ನೋಡಿಕೊಳ್ಳುವುದು ಜಾಣತನ.

ನೋಡಿಕೊಳ್ಳಲು ಬೆಂಗಳೂರಿನಿಂದ ಜೀಪು ಬರಬೇಕಾಗಿಲ್ಲ. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಇವೆಲ್ಲಕ್ಕಿಂತ ಹಳೆಯದಾದ ಒಂದು ಸಂಪತ್ತು ಕೊಡಗಿನ ಬೆಳೆಗಾರರ ಮನೆಗಳಲ್ಲಿದೆ. ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ ಇಂಚು-ಸೆಂಟುಗಳಲ್ಲಿ ಬರೆದಿಡುವ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಬಂದಿವೆ. ಯಂತ್ರದ ಅಂಕಿ ಸರಿಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸ್ವತಂತ್ರವಾದ ಸಾಕ್ಷಿ ಬೇರೆಲ್ಲಿ ಸಿಕ್ಕೀತು? ಒರತೆ ಇದ್ದಕ್ಕಿದ್ದಂತೆ ಕೆಸರಾದದ್ದನ್ನು, ಅಂಗಳದಲ್ಲಿ ಬಿರುಕು ಕಂಡದ್ದನ್ನು, ಮರ ವಾಲಿದ್ದನ್ನು ಮೊದಲು ನೋಡುವವರೂ ಅವರೇ, ಅವರ ತೋಟದ ಕಾರ್ಮಿಕರೇ. ಈ ವರದಿಗಳನ್ನೂ ಸಂವೇದಕದ ಅಂಕಿಯಷ್ಟೇ ಗೌರವದಿಂದ ಸ್ವೀಕರಿಸುವ ವ್ಯವಸ್ಥೆ ಬೇಕು. ಎಚ್ಚರಿಕೆಯೂ ಒಂದೇ ಏಟಿಗೆ ‘ಓಡಿ’ ಎನ್ನುವಂತಿರದೆ, ಗಮನಿಸಿ, ಸಿದ್ಧರಾಗಿ, ಹೊರಡಿ ಎಂಬ ಮೂರು ಮೆಟ್ಟಿಲುಗಳಲ್ಲಿ ಬರಬೇಕು. ಪ್ರತಿ ಎಚ್ಚರಿಕೆಯ ನಂತರ ಅದು ನಿಜವಾಯಿತೇ ಸುಳ್ಳಾಯಿತೇ ಎಂಬುದನ್ನು ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕು. ತನ್ನ ತಪ್ಪನ್ನು ತಾನೇ ಎಣಿಸಿ ತೋರಿಸುವ ವ್ಯವಸ್ಥೆಯನ್ನು ಜನ ನಂಬುತ್ತಾರೆ.

ಕೊನೆಯದಾಗಿ ಒಂದು ಮಾತು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದರ ಕಡೆಗೂ ಬೆರಳು ಮಾಡಿದ್ದರು. ಸಂವೇದಕ ಗುಡ್ಡವನ್ನು ಹಿಡಿದು ನಿಲ್ಲಿಸುವುದಿಲ್ಲ. ರೆಸಾರ್ಟಿಗೆಂದು ಬರೆ ಕಡಿಯಲು ಪರವಾನಗಿ ಕೊಟ್ಟು, ಅದರ ನೆತ್ತಿಯ ಮೇಲೆ ಒಂದು ಸಂವೇದಕ ನೆಟ್ಟರೆ ಅದು ಆಡಳಿತವಲ್ಲ, ಆತ್ಮವಂಚನೆ. ಕಡಿಯುವುದನ್ನು ತಡೆಯುವುದು ಮೊದಲ ಕೆಲಸ. ಆದರೆ ಈಗಾಗಲೇ ಕಡಿದ ಬರೆಗಳ ಕೆಳಗೆ, ಹೋಗಲು ಬೇರೆ ಜಾಗವಿಲ್ಲದ ಸಾವಿರಾರು ಮನೆಗಳಿವೆ. ಮುಂದಿನ ಮಳೆಗಾಲದಲ್ಲಿಯೂ ಅವರು ಅಲ್ಲಿಯೇ ಇರುತ್ತಾರೆ. ಅವರಿಗೆ ನಾವು ಕೊಡಬಹುದಾದದ್ದು, ಹಿಂದೆ ಹತ್ತು ಸಲ ನಿಜ ಹೇಳಿದ್ದರಿಂದ ಹನ್ನೊಂದನೆಯ ಸಲವೂ ಎದ್ದು ಹೊರಡುವಂತೆ ಮಾಡಬಲ್ಲ ಒಂದು ಗಂಟೆ. ಅಂಥ ಗಂಟೆಯನ್ನು ಚಿಪ್ಪಿನ ಕಾರ್ಖಾನೆಯೊಂದೇ ತಯಾರಿಸಲಾರದು. ತಂತಿಯ ಜೋಡಣೆಯಿಂದ ಹಿಡಿದು ಬಜೆಟ್ಟಿನ ಲೆಕ್ಕಶೀರ್ಷಿಕೆಯವರೆಗೆ ಎಲ್ಲರೂ ಸೇರಿ ಅದನ್ನು ಕಟ್ಟಬೇಕಾಗಿದೆ.